ಸೀಲು ಒಡೆಯದೆ ಮಾರಿದ ಸಮುದ್ರ

ಕೆಲಸ ಬಿಟ್ಟು ಎರಡು ವರ್ಷವಾಗುತ್ತ ಬಂತು. ಆದರೂ ಮಂಗಳವಾರ ಬೆಳಿಗ್ಗೆ ನನಗೆ ಮನೆಯಲ್ಲಿ ಕೂರಲಾಗುವುದಿಲ್ಲ. ದೇವರ ಪೂಜೆ ಮುಗಿಸಿ, ದೋಸೆ ಹೊಯ್ದು, ಒಲೆಕಟ್ಟೆ ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿ, ಬಾಗಿಲ ತನಕ ಹೋಗಿ ಬರುತ್ತೇನೆ. ಎಂಟೂವರೆಯ ಹೊಸನಗರ ಬಸ್ಸಿಗೆ ಹೊರಡುವ ಗಳಿಗೆ ಅದು. ಹೆಗಲಲ್ಲಿ ಬ್ಯಾಗು ಇಲ್ಲದಿದ್ದರೂ ಎಡಭುಜ ಇನ್ನೂ ಒಂದಿಷ್ಟು ತಗ್ಗಿಯೇ ಇದೆ.

ನಾನು ಸೆಂಟು ಮಾರುತ್ತಿದ್ದೆ. ಸಾಗರದಲ್ಲಿ ಮನೆ, ಮಂಗಳವಾರ ಹೊಸನಗರ, ಗುರುವಾರ ತೀರ್ಥಹಳ್ಳಿ, ಉಳಿದ ದಿನ ಸಾಗರದ ಕೇರಿಗಳು. ಮನೆಮನೆಗೆ ಹೋಗಿ ಅತ್ತರು, ಪನ್ನೀರು, ಪೌಡರು, ಆಮೇಲೆ ಸ್ಪ್ರೇ. ಮೂವತ್ತು ವರ್ಷ ಇದನ್ನು ಮಾಡಿದೆ. ಅರ್ಜಿಗಳಲ್ಲಿ ಉದ್ಯೋಗ ಎಂದು ಕೇಳಿದ ಜಾಗದಲ್ಲಿ ಮಾತ್ರ ಯಾವತ್ತೂ ಗೃಹಿಣಿ ಎಂದೇ ಬರೆದದ್ದು. ಅದು ಸುಳ್ಳೂ ಅಲ್ಲ. ಬೆಳಗಿನ ಅಡುಗೆ ಮುಗಿಸದೆ, ಅತ್ತೆಯ ಔಷಧಿ ತೆಗೆದಿಡದೆ ನಾನು ಒಂದು ದಿನವೂ ಬಸ್ಸು ಹತ್ತಿದ್ದಿಲ್ಲ.

ನಮ್ಮ ಮಹಿಳಾ ಸಂಘದ ಹುಡುಗಿಯರು ನಾಲ್ಕೈದು ಜನ ಈಗ ಇದೇ ಕೆಲಸಕ್ಕೆ ಇಳಿದಿದ್ದಾರೆ. ಮನೆಮನೆಗೆ ಹೋಗುವುದಿಲ್ಲ, ಫೋನಿನಲ್ಲೇ ಮಾರುತ್ತಾರೆ. "ಆಂಟಿ, ನಿಮ್ಮ ಅನುಭವ ಬರ್ಕೊಡಿ, ನಮಗೆ ಉಪಯೋಗ ಆಗುತ್ತೆ" ಎಂದರು. ಹೇಗೆ ಮೇಲೆ ಬಂದಿರಿ ಎಂದು ಬರೆಯಬೇಕಂತೆ. ಮೇಲೆ ಬಂದದ್ದೇನೂ ಇಲ್ಲ ಮಕ್ಕಳೇ. ಒಮ್ಮೆ ಕಂಪನಿಯವರು ಶಾಲು ಹೊದಿಸಿ ಸ್ಟೀಲಿನ ಡಬ್ಬಿ ಕೊಟ್ಟರು. ಅದರಲ್ಲಿ ಈಗ ಹುಣಸೆಹಣ್ಣು ಇದೆ. ಅಷ್ಟಕ್ಕೆ ಆ ಅಧ್ಯಾಯ ಮುಗಿಯಿತು. ನಾನು ಬರೆಯುವುದು ಬೇರೆ. ಅದರಲ್ಲೂ ಒಂದು ನೀಲಿ ಬಾಟ್ಲಿಯ ಸಂಗತಿ. ಅದನ್ನು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಕೆಲಸಕ್ಕೆ ಸೇರಿದ್ದು ಹೀಗೆ. ನಮ್ಮ ಯಜಮಾನರು ಮದುವೆ ಮುಂಜಿಗೆ ಅಡುಗೆ ಮಾಡುವವರು. ಮುಹೂರ್ತ ಇಲ್ಲದ ತಿಂಗಳಲ್ಲಿ ಅವರ ಸೌಟಿಗೂ ರಜೆ, ನಮ್ಮ ಡಬ್ಬಿಗಳಿಗೂ ರಜೆ. ತೀರ್ಥಹಳ್ಳಿಯ ಒಂದು ಮದುವೆಗೆ ಅವರ ಜೊತೆ ಹೋಗಿದ್ದಾಗ, ಹೆಣ್ಣಿನ ಕಡೆಯವರು ಪನ್ನೀರು ತರಲು ನನ್ನನ್ನು ಪೇಟೆಗೆ ಕಳಿಸಿದರು. ಅಲ್ಲಿ ಬಾಷಾ ಸಾಹೇಬರದು ಒಂದು ಸಣ್ಣ ಅತ್ತರಿನ ಅಂಗಡಿ. ಬಿಳಿ ಗಡ್ಡ, ಕಿವಿಯಲ್ಲಿ ಯಾವಾಗಲೂ ಒಂದು ಅತ್ತರಿನ ಹತ್ತಿ. ಅವರು ಮಲ್ಲಿಗೆಯ ಅತ್ತರನ್ನು ನನ್ನ ಕೈಗೆ ಹಚ್ಚಿದರು. ನಾನು ಮೂಸಿ, "ಈ ಬಾಟ್ಲೀಲಿ ಮೊದಲು ಲವಂಗದ ಎಣ್ಣೆ ಇತ್ತಾ?" ಎಂದೆ.

ಸಾಹೇಬರು ಕನ್ನಡಕ ಮೇಲೆ ಮಾಡಿ ನೋಡಿದರು. "ಮೂರು ಸಲ ತೊಳ್ದಿದೀನಿ ತಂಗ್ಯಮ್ಮ!"

"ನಾಲ್ಕನೇ ಸಲ ತೊಳೀಬೇಕಿತ್ತು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ತಿಂಗಳು ಒಂದು ರೆಕ್ಸಿನ್ ಬ್ಯಾಗಿನಲ್ಲಿ ಇಪ್ಪತ್ತು ಬಾಟ್ಲಿ ಜೋಡಿಸಿ ಕೊಟ್ಟರು. ಅದರ ಜೊತೆ ಒಂದು ಪಾಠವನ್ನೂ ಕೊಟ್ಟರು. "ಬಾಟ್ಲಿ ಮೂಸಿ ಯಾರಿಗೂ ಏನೂ ಹೇಳ್ಬೇಡಿ. ಕೈಗೆ ಹಚ್ಕೊಳಿ, ನಡೀರಿ. ಮೊದಲ್ನೇ ಮನೇಲಿ ಬರೋದು ಸ್ಪಿರಿಟ್ಟು, ಎರಡನೇ ಮನೇಲಿ ಬರೋದು ಥಳುಕು. ಮೂರನೇ ಮನೆ ಮುಟ್ಟೋ ಹೊತ್ತಿಗೆ ಕೈಯಲ್ಲಿ ಏನು ಉಳ್ದಿದೆಯೋ ಅದೇ ಮಾಲು. ಅದನ್ನ ಮಾತ್ರ ಹೇಳಿ, ಅದನ್ನ ಮಾತ್ರ ಮಾರಿ."

ಮೂರನೇ ಮನೆಯ ಮಾತು ಎಂದು ನಾನು ಅದಕ್ಕೆ ಹೆಸರಿಟ್ಟುಕೊಂಡೆ. ಬಾಷಾ ಸಾಹೇಬರು ಈಗಿಲ್ಲ. ಪುಣ್ಯಾತ್ಮರು. ನಮ್ಮ ದೇವರ ಮುಂದೆ ಅವರ ಹೆಸರು ಹೇಳಿ ಕೈಮುಗಿದದ್ದುಂಟು. ದೇವರೇನೂ ಬೇಡವೆನ್ನಲಿಲ್ಲ.

ತಪ್ಪು ಮಾಡದೆ ಯಾರೂ ಕಲಿಯುವುದಿಲ್ಲ. ಸ್ಪ್ರೇ ಬಾಟ್ಲಿಗಳು ಬಂದ ಹೊಸತರಲ್ಲಿ ಒಂದು ದೇವಸ್ಥಾನದ ಭಟ್ಟರು, ಊರು ಹೇಳುವುದಿಲ್ಲ, ಅಲಂಕಾರದ ಹೂವಿಗೆ ಪರಿಮಳ ಬೇಕೆಂದರು. ಅತ್ತರು ಕೊಡುವುದು ಬಿಟ್ಟು, ಹೊಸ ಮಾಲು ಎಂಬ ಉಮೇದಿನಲ್ಲಿ ಸ್ಪ್ರೇ ಕೊಟ್ಟೆ. ಅದರಲ್ಲಿ ಸ್ಪಿರಿಟ್ಟು ಇರುವುದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಮಂಗಳಾರತಿ ಒಂದು ಕೈಯಲ್ಲಿ, ಸ್ಪ್ರೇ ಒಂದು ಕೈಯಲ್ಲಿ. ಬುಸ್ಸೆಂದು ಒಂದು ಬೆಂಕಿಯ ನಾಲಗೆ ಎದ್ದು ಅಡಗಿತು. ದೇವರಿಗೆ ಏನೂ ಆಗಲಿಲ್ಲ. ಭಟ್ಟರ ಎರಡೂ ಹುಬ್ಬು ಹೋದವು. "ನಿಮ್ಮ ಸೆಂಟಿಗಿಂತ ದೇವರಿಗೆ ನನ್ನ ಹುಬ್ಬೇ ಇಷ್ಟ ಆತು ಕಾಣ್ತು" ಎಂದರು ಅವರು. ಅಷ್ಟರಲ್ಲೇ ಬಿಟ್ಟರಲ್ಲ, ದೊಡ್ಡ ಮನಸ್ಸು. ಅಲ್ಲಿಂದ ಮುಂದೆ ನಾನು ದೇವಸ್ಥಾನದ ಮೆಟ್ಟಿಲು ಹತ್ತುವಾಗ ಬ್ಯಾಗನ್ನು ಚಪ್ಪಲಿಯ ಪಕ್ಕ ಬಿಟ್ಟೇ ಹೋಗುತ್ತಿದ್ದೆ.

ಮೂಗಿಗೆ ಹೆಸರು ಬಂದದ್ದು ತೀರ್ಥಹಳ್ಳಿಯ ಕಡೆಯ ಒಂದು ಗೌಡರ ಮನೆಯಿಂದ. ಗೌಡರು ತೀರಿಕೊಂಡು ವರ್ಷವಾಗಿತ್ತು. ಅಮ್ಮನವರು ನನ್ನನ್ನು ಒಳಗೆ ಕರೆದು, "ಅವ್ರು ತಲೆಗೆ ಹಾಕ್ತಿದ್ದ ಎಣ್ಣೆ ಯಾವ್ದು ಅಂತ ಗೊತ್ತಾಗ್ತಿಲ್ಲ ಕಣಮ್ಮ. ಎಲ್ಲಾ ಎಣ್ಣೆ ತರ್ಸಿ ಮೂಸಿದೆ. ಆ ವಾಸ್ನೆ ಸಿಗ್ತಿಲ್ಲ" ಎಂದರು. ಅವರ ಕೋಟು ತರಲು ಹೇಳಿದೆ. ಮೂಸಿದೆ. ಹೊರಗೆ ಬಂದು ಗಾಳಿ ತೆಗೆದುಕೊಂಡು ಮತ್ತೆ ಮೂಸಿದೆ.

"ಅಮ್ಮ, ಬೇಜಾರಾಗ್ಬೇಡಿ. ಇದು ಎಣ್ಣೆ ಅಲ್ಲ. ನುಸಿಗುಳಿಗೆ."

ಅಮ್ಮನವರು ನನ್ನನ್ನೇ ನೋಡಿದರು. ಬಟ್ಟೆಗೆ ಹುಳ ಹಿಡಿಯಬಾರದೆಂದು ಕಪಾಟಿನಲ್ಲಿ ನುಸಿಗುಳಿಗೆ ಇಡುತ್ತಿದ್ದವರು ಅವರೇ. ನಲವತ್ತು ವರ್ಷ ಗಂಡನ ಪರಿಮಳ ಎಂದುಕೊಂಡದ್ದು ತಾವೇ ಇಟ್ಟ ಗುಳಿಗೆಯ ವಾಸನೆ! ಮೊದಲು ಅತ್ತರು, ಆಮೇಲೆ ನಕ್ಕರು, ಆಮೇಲೆ ಕೆಲಸದವಳಿಂದ ಗುಳಿಗೆ ತರಿಸಿ ಕಪಾಟಿಗೆ ಹಾಕಿಸಿದರು. ನನಗೆ ಒಂದು ಬಾಟ್ಲಿಯೂ ವ್ಯಾಪಾರವಾಗಲಿಲ್ಲ. ಆದರೆ ಆ ಸುದ್ದಿ ಮೂರು ತಾಲೂಕು ಸುತ್ತಿತು. ಊರವರ ಬಾಯಲ್ಲಿ ನಾನು ಸೆಂಟಮ್ಮ; ಸೆಂಟಮ್ಮನ ಮೂಗು ಸುಳ್ಳು ಹೇಳುವುದಿಲ್ಲ ಎಂದಾಯಿತು.

ಆ ಮಾತೇ ನನ್ನ ಬಂಡವಾಳ. ಅದೇ ಮುಂದೆ ಮುಳ್ಳಾಗಿ ಚುಚ್ಚಿತು.

ಕಾಲ ಬದಲಾಯಿತು. ಅಳತೆಯಲ್ಲಿ ಹೊಯ್ದು ಕೊಡುವ ಅತ್ತರು ಯಾರಿಗೂ ಬೇಡವಾಯಿತು. ಬಾಷಾ ಸಾಹೇಬರ ನಂತರ ನಾನು ಒಂದು ಕಂಪನಿಯ ಮಾಲು ಮಾರಲು ಸೇರಿದೆ. ಅಲ್ಲಿ ನನ್ನ ಮೇಲಿನವಳು ಶಿವಮೊಗ್ಗದ ರಶ್ಮಿ. ನನ್ನ ಮಗಳ ವಯಸ್ಸು, ಒಳ್ಳೆಯ ಹುಡುಗಿ, ಮಾತು ಮಾತ್ರ ಮಿಕ್ಸಿಯ ಹಾಗೆ. ಮೊದಮೊದಲು ಪರೀಕ್ಷೆಗೆಂದು ಸಣ್ಣ ಶೀಶೆಗಳನ್ನು ಕಳಿಸುತ್ತಿದ್ದರು. ಆಮೇಲೆ ಅದೂ ನಿಂತಿತು. ಬಣ್ಣದ ಪುಸ್ತಕ ಬಂತು. ಪುಸ್ತಕವೂ ಹೋಗಿ ಫೋನಿಗೆ ಚಿತ್ರ ಬರತೊಡಗಿತು.

"ಮೂಸದೆ ಹೇಗೆ ಹೇಳೋದು ರಶ್ಮಿ?" ಎಂದು ಬಾಯಿಮಾತಿಗೆ ಕೇಳಿದೆ.

"ಆಂಟಿ, ಈಗ ಸ್ಮೆಲ್ ಮಾರಲ್ಲ, ಫೀಲಿಂಗ್ ಮಾರೋದು. ಅದರಲ್ಲಿ ಬರೆದಿದ್ದನ್ನ ಚೆನ್ನಾಗಿ ಓದಿ ಹೇಳಿ ಸಾಕು."

ಸಾಕಾಗುವುದಿಲ್ಲ ಎಂದು ಅವತ್ತು ಹೇಳಬೇಕಿತ್ತು. ಹೇಳಲಿಲ್ಲ. ಆಗ ನನಗೆ ಆ ಏರ್ಪಾಡೇ ಅನುಕೂಲವಾಗಿತ್ತು. ಯಾಕೆಂದು ಹೇಳುತ್ತೇನೆ.

ಕೊರೊನಾ ಎರಡನೇ ಸಲ ಬಂದಾಗ ನನಗೂ ಜ್ವರ ಬಂತು. ಒಂಬತ್ತು ದಿನಕ್ಕೆ ಎದ್ದೆ. ತಾಯಿ ಮಾರಿಕಾಂಬೆ ಕೈಬಿಡಲಿಲ್ಲ. ಹತ್ತನೆಯ ದಿನ ಅಡುಗೆಮನೆಯಲ್ಲಿ ನಿಂತಿದ್ದೆ. ಯಜಮಾನರು ಓಡಿಬಂದು ಒಲೆ ಆರಿಸಿದರು.

"ಹಾಲು ಸೀದು ಕರಿ ಆತು! ಎದುರಿಗೇ ನಿಂತಿದ್ಯಲೆ, ವಾಸನೆ ಬಂಜಿಲ್ಯನೆ ನಿಂಗೆ?"

ಬಂದಿರಲಿಲ್ಲ. ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದರು. ಇಲ್ಲ. ಕರ್ಪೂರ. ಇಲ್ಲ. ನನ್ನ ಬ್ಯಾಗಿನಿಂದ ಕೇದಿಗೆಯ ಅತ್ತರು ತೆಗೆದು ಸೆರಗಿಗೇ ಸುರಿದುಕೊಂಡೆ. ನೀರು ಸುರಿದಂತಾಯಿತು.

ತಿಂಗಳಲ್ಲಿ ಸರಿಹೋಗುತ್ತದೆ ಎಂದರು. ವರ್ಷ ಕಳೆಯಿತು. ಡಾಕ್ಟರು, "ದಿನಾ ಎರಡು ಹೊತ್ತು ಖಾರವಾದ ವಾಸನೆಗಳನ್ನ ಮೂಸ್ತಾ ಇರಿ. ಲವಂಗ, ನಿಂಬೆ, ನೀಲಗಿರಿ. ಮೂಗಿಗೆ ಮರೆತಿದ್ದು ನೆನಪಾಗ್ಬೇಕು" ಎಂದರು. ಮೂಸಿದೆ. ಏನೂ ನೆನಪಾಗಲಿಲ್ಲ. ದೇವರಿಗೆ ಊದುಕಡ್ಡಿ ಹಚ್ಚಿ ಹೊಗೆ ಏಳುವುದನ್ನು ಕಣ್ಣಿನಿಂದ ನೋಡಿ, ಹಾಂ ಹತ್ತಿದೆ ಎಂದುಕೊಳ್ಳುತ್ತಿದ್ದೆ. ಕಣ್ಣಿದೆ, ಕಾಲಿದೆ, ಜೀವ ಉಳಿದಿದೆ, ಎಷ್ಟೋ ಮನೆಗಳಲ್ಲಿ ಅದೂ ಉಳಿಯಲಿಲ್ಲ ಎಂದು ಲೆಕ್ಕ ಹಾಕಿ ಮನಸ್ಸನ್ನು ಕೂರಿಸುತ್ತಿದ್ದೆ. ಅದು ಐದು ನಿಮಿಷ ಕೂತು ಎದ್ದುಬಿಡುತ್ತಿತ್ತು.

ಗಂಡನಿಗೆ ಮತ್ತು ಡಾಕ್ಟರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಸೆಂಟಮ್ಮನಿಗೆ ಮೂಗಿಲ್ಲ ಎಂದು ಗೊತ್ತಾದರೆ ಯಾರು ಬಾಗಿಲು ತೆಗೆಯುತ್ತಾರೆ? ಬ್ಯಾಗು ಹೆಗಲಿಗೇರಿಸಿ ಮತ್ತೆ ಮಂಗಳವಾರದ ಬಸ್ಸು ಹತ್ತಿದೆ. ಹಳೆಯ ಮಾಲನ್ನು ನೆನಪಿನಿಂದ ಹೇಳುತ್ತಿದ್ದೆ, ಹೊಸದನ್ನು ಫೋನು ನೋಡಿ ಹೇಳುತ್ತಿದ್ದೆ. ಗಿರಾಕಿಗಳ ಎದುರು ಬಾಟ್ಲಿಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದೆ. ಆ ಕಣ್ಣು ಮುಚ್ಚುವುದನ್ನು ನೆನೆದರೆ ಈಗಲೂ ಮೈ ಕಚಕಚ ಎನ್ನುತ್ತದೆ.

ಹೊಸನಗರದಲ್ಲಿ ಜಲಜ ಎಂಬ ಟೈಲರ್ ನನ್ನ ಹಳೆಯ ಗಿರಾಕಿ. ಘಟ್ಟದ ಕೆಳಗಿನ ಮೀನುಗಾರರ ಮನೆಯ ಹುಡುಗಿ, ಗ್ಯಾರೇಜಿನ ಮೆಕ್ಯಾನಿಕ್ಕನ್ನು ಮದುವೆಯಾಗಿ ಮೇಲೆ ಬಂದವಳು. ಬಾಡಿಗೆಗಿದ್ದದ್ದು ಸಾವಿತ್ರಕ್ಕನ ಮನೆಯ ಹಿಂಬದಿಯ ಎರಡು ಕೋಣೆಯಲ್ಲಿ. ಸಾವಿತ್ರಕ್ಕ ನಮ್ಮ ಪೈಕಿಯವಳು. ಬಾಡಿಗೆ ಕೊಡುವಾಗಲೇ ಅವಳ ಕರಾರು ಒಂದೇ: ಮೀನು, ಮಾಂಸ ಮನೆಯೊಳಗೆ ಬರಕೂಡದು. ಬಂದರೆ ಆ ತಿಂಗಳೇ ಮನೆ ಖಾಲಿ. ಜಲಜ ಒಪ್ಪಿ ಸೇರಿದ್ದಳು, ಮಾತು ತಪ್ಪಿರಲಿಲ್ಲ.

ಆ ವರ್ಷ ಅವಳ ತಾಯಿ ಗುಲಾಬಿಯಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಗಳ ಮನೆಗೆ ಬಂದಿದ್ದರು. ಎಂಬತ್ತು ದಾಟಿದ ಜೀವ, ಕಣ್ಣು ಪೂರಾ ಮಂಜು, ಬಾಯಿ ಮಾತ್ರ ಹರಿತ. ಘಟ್ಟದ ತಿರುವು ತಡೆಯುವ ದೇಹವಲ್ಲ, ಮತ್ತೆ ಇಳಿಸುವ ಹಾಗಿಲ್ಲ ಎಂದಿದ್ದರು ಡಾಕ್ಟರು. ಮುದುಕಿಗೆ ನಿದ್ದೆಯಿಲ್ಲ. ಮಂಚದ ಮೇಲೆ ಆ ಮಗ್ಗುಲು, ಈ ಮಗ್ಗುಲು. "ಇಲ್ಲಿ ಗಾಳಿಗೆ ವಾಸ್ನಿಯೇ ಇಲ್ಲ. ಉಸ್ರ್ ಕಟ್ಟತ್ ನಂಗೆ. ನನ್ನ ಕಡ್ಲ್ ಹತ್ರ ಬಿಡಿ" ಎಂದು ಒಂದೇ ಜಪ.

ಜಲಜ ನನ್ನನ್ನು ಬಾಗಿಲ ಹೊರಗೆ ಕರೆದು ದನಿ ತಗ್ಗಿಸಿ ಕೇಳಿದಳು. "ಸೆಂಟಮ್ಮ, ಮೀನಿನ ವಾಸ್ನೆ ಇಲ್ದೆ ಬರೀ ಸಮುದ್ರದ ವಾಸ್ನೆ ಬರೋ ಅಂಥದ್ದು ನಿಮ್ಮ ಹತ್ರ ಇದ್ಯಾ? ಸಾವಿತ್ರಕ್ಕಂಗೂ ತೊಂದ್ರೆ ಆಗ್ಬಾರ್ದು, ಅಮ್ಮಂಗೂ ಒಂಚೂರು ನಿದ್ದೆ ಬರ್ಬೇಕು."

ಇತ್ತು. ಹಿಂದಿನ ವಾರವಷ್ಟೇ ರಶ್ಮಿ ಚಿತ್ರ ಕಳಿಸಿದ್ದಳು. ಫಾರಿನ್ ಸೆಂಟು, ನೀಲಿ ಗಾಜಿನ ಬಾಟ್ಲಿ, ಮುಚ್ಚಳವೇ ಅಲೆಯ ಆಕಾರ. ಕೆಳಗೆ ಬರೆದಿತ್ತು: ಸಮುದ್ರದಿಂದ ಪ್ರೇರಣೆ, ಉಪ್ಪಿನ ಗಾಳಿ, ಒದ್ದೆ ಬಂಡೆ, ಬೆಳಗಿನ ಅಲೆ. ನಾನು ಅದನ್ನು ಗಟ್ಟಿಯಾಗಿ ಓದಿದೆ. ಜಲಜನ ಮುಖ ಅರಳಿತು. ಬೆಲೆ ಹೇಳಿದೆ. ಒಂದು ಮದುವೆಮನೆಯ ಅಷ್ಟೂ ರವಿಕೆ ಹೊಲಿದ ದುಡ್ಡು ಅದು. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ನೀವು ಮೂಸಿ ನೋಡಿದೀರಲ್ಲಾ? ನಿಮ್ಮ ಮೂಗು ಹೌದು ಅಂದ್ರೆ ನಂಗೆ ಸಾಕು."

"ಸಮುದ್ರನೇ ಜಲಜ" ಎಂದೆ. ಬಾಟ್ಲಿ ಇನ್ನೂ ಬಂದೇ ಇರಲಿಲ್ಲ.

ಬಂದಾಗಲೂ ಸೀಲು ಒಡೆಯಲಿಲ್ಲ. ಒಡೆದರೆ ಮಾಲು ಕೆಟ್ಟಂತೆ ಎಂದು ರಶ್ಮಿಯ ಕಟ್ಟಪ್ಪಣೆ. ಒಡೆದಿದ್ದರೂ ಏನು ಮಾಡಬಹುದಿತ್ತು? ಬಸ್ಸಿನಲ್ಲಿ ಆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ತಾಯೀ ಇದು ಹೌದೇ ಆಗಿರಲಿ ಎಂದು ಬೇಡಿಕೊಂಡೆ. ತಪ್ಪನ್ನು ನಾನು ಮಾಡಿ ಸರಿಮಾಡುವ ಕೆಲಸವನ್ನು ದೇವರಿಗೆ ಹೇಳುವುದು ಎಂಥ ಸುಲಭ!

ಜಲಜ ಮಂಚದ ಪಕ್ಕ ಕೂತು, ತಾಯಿಯ ದಿಂಬಿಗೆ ಎರಡು ಸಲ, ಗಾಳಿಗೆ ಎರಡು ಸಲ ಸಿಂಪಡಿಸಿದಳು. ಗುಲಾಬಿಯಮ್ಮ ಮುಖ ಎತ್ತಿ, ಮೂಗು ಅರಳಿಸಿ, ಅಷ್ಟು ಆಸೆಯಿಂದ ಎಳೆದುಕೊಂಡರು.

"ಎಂತ ಹೆಣೆ ಇದ್?" ಎಂದು ಮಗಳನ್ನು ಕೇಳಿದರು.

"ಸಮುದ್ರ, ಅಮ್ಮ."

"ಯಾವ ಸಮುದ್ರ? ಸೌತೆಕಾಯಿ ಕೊಚ್ಚಿ ಸಾಬೂನ್ ನೀರಗೆ ಅದ್ದಿದಂಗೆ ಇತ್ತಲ್ದಾ! ಯಾರ್ ಕೊಟ್ಟದ್ದ್ ಇದ್ನ?"

"ಸೆಂಟಮ್ಮ. ಅವ್ರ ಮೂಗು ಅಂದ್ರೆ ಊರಿಗೇ ಹೆಸ್ರು."

ಮುದುಕಿ ಮುಖವನ್ನು ನಾನು ನಿಂತ ಕಡೆ ತಿರುಗಿಸಿದರು. "ನೀವ್ ಮೂಸಿ ಕೊಟ್ಟದ್ದಾ ಇದ್?"

"ಹೌದು" ಎಂದೆ.

ಮುದುಕಿ ಗೋಡೆಯ ಕಡೆ ಹೊರಳಿದರು. ಜಲಜ ಬಾಟ್ಲಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. ಒಳಗೆ ಹೋಗಿ ನನಗೆ ಚಾ ಮಾಡಿಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಆ ವಾರ ನಾನು ಮನೆಯಲ್ಲಿ ಇದ್ದೆ ಎನ್ನುವುದೇ ತಪ್ಪು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸಹಸ್ರನಾಮ ಹೇಳುವಾಗ ಅರ್ಧಕ್ಕೆ ಬಂದು ಮತ್ತೆ ಮೊದಲಿಗೆ ಹೋದೆ. ಗುರುವಾರ ತೀರ್ಥಹಳ್ಳಿಯ ಬಸ್ಸಿಗೆ ನಿಂತು, ಬಸ್ಸು ಬಂದ ಮೇಲೆ ಹತ್ತದೆ ವಾಪಸು ಬಂದೆ. ಯಜಮಾನರು ನೋಡಿ ನೋಡಿ, "ನಿಂಗೆ ಕೂರಲೂ ಆಗ್ತಿಲ್ಲೆ, ನಿಲ್ಲಲೂ ಆಗ್ತಿಲ್ಲೆ. ಹೋಗಿ ಹೇಳ್ಬುಡು. ಸಾಂಬಾರು ಕೆಟ್ರೆ ಪಂಕ್ತೀಲಿ ನಿಂತು ಕೆಟ್ಟಿದ್ದು ಹೌದು ಅಂತ ನಾ ಹೇಳ್ತ್ನಿಲ್ಯ?" ಎಂದರು.

ಮುಂದಿನ ಮಂಗಳವಾರ ಹೋದೆ. ಸೆಂಟಿನ ದುಡ್ಡನ್ನು ಜಲಜನ ಹೊಲಿಗೆ ಮೆಷಿನ್ನಿನ ಮೇಲಿಟ್ಟು, ಇಬ್ಬರಿಗೂ ಕೇಳುವಂತೆ ಹೇಳಿದೆ. "ನಾನು ಮೂಸಿರಲಿಲ್ಲ. ಮೂಸಿದ್ರೂ ಗೊತ್ತಾಗ್ತಿರಲಿಲ್ಲ. ನನ್ನ ಮೂಗು ಸತ್ತು ಒಂದೂವರೆ ವರ್ಷ ಆತು. ನಿಮಗೆ ಸುಳ್ಳು ಹೇಳಿದೆ."

ಜಲಜ ಕತ್ತರಿ ಕೆಳಗಿಟ್ಟಳು. ಗುಲಾಬಿಯಮ್ಮ ಮಂಚ ಅಲ್ಲಾಡುವ ಹಾಗೆ ನಕ್ಕರು.

"ನಂಗ್ ಕಣ್ಣಿಲ್ಲ, ನಿಮ್ಗ್ ಮೂಗಿಲ್ಲ, ಇವ್ಳಿಗ್ ಬುದ್ಧಿ ಇಲ್ಲ! ಮೂರೂ ಸಮ ಆಯ್ತ್. ಕೂಕಣಿ ಇಲ್ಲಿ. ಡಾಕ್ಟ್ರ್ ಎಂತ ಹೇಳಿರ್?"

ಲವಂಗ, ನಿಂಬೆ ಎಂದೆ.

"ಅದೆಲ್ಲ ಮಕ್ಕಳಾಟ್ಕಿ. ಜಲಜಾ, ಮಂಚದಡಿಯ ಡಬ್ಬಿ ತೆಗಿ."

ಜಲಜ ಬಾಗಿಲ ಕಡೆ ನೋಡಿದಳು. "ಅಮ್ಮ! ಅವ್ರು ಭಟ್ರ ಮನೆಯವ್ರು!"

"ತಿನ್ನಿ ಅಂದ್ನಾ ನಾನ್? ಮೂಸುಕೆ ಎಂತ ಜಾತಿ?"

ಊರಿನಿಂದ ಬರುವಾಗ ಮುದುಕಿ ಬಟ್ಟೆಗಂಟಿನ ನಡುವೆ ಒಂದು ಡಬ್ಬಿ ಒಣಸಿಗಡಿ ಅಡಗಿಸಿ ತಂದಿದ್ದರು. ಸಿಕ್ಕಿಬಿದ್ದ ಮೇಲೆ ಜಲಜ ಅದನ್ನು ಎಸೆಯಲು ಮನಸ್ಸಾಗದೆ ಮೂರು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ, ಮಂಚದಡಿಗೆ ತಳ್ಳಿದ್ದಳು. ಮುದುಕಿಯ ಕಡಲನ್ನು ಅವರ ಬೆನ್ನ ಕೆಳಗೇ ಕಟ್ಟಿಟ್ಟು, ಮಗಳು ಮೇಲಿನಿಂದ ಫಾರಿನ್ ಸಮುದ್ರ ಸಿಂಪಡಿಸಿದ್ದಳು. ಅದಕ್ಕೆ ಸಾಕ್ಷಿ ಹೇಳಿದವಳು ನಾನು.

ಬಾಗಿಲು ಹಾಕಿ ಡಬ್ಬಿ ಬಿಚ್ಚಿದರು. ದೇವರೇ ಕ್ಷಮಿಸು ಎಂದು ಮೂಗು ಒಡ್ಡಿದೆ. ಏನೂ ಇಲ್ಲ. ಗುಲಾಬಿಯಮ್ಮನಿಗೆ ಮಾತ್ರ ಎದೆ ತುಂಬ ಉಸಿರು ಬಂತು. ಅವರು ಅಲೆ, ಬಲೆ, ಹಗ್ಗ, ಡಾಂಬರು ಬಳಿದ ದೋಣಿ ಎಂದು ಹೇಳುತ್ತ ಹೋದರು. ಅರ್ಧ ಮಾತಿಗೆ ನಿದ್ದೆ ಹತ್ತಿತು. ಜಲಜ ಗಾಬರಿಯಿಂದ ಡಬ್ಬಿ ಮುಚ್ಚಿದೊಡನೆ ಎಚ್ಚರ.

ಹಾಗೆ ನಾಲ್ಕು ಮಂಗಳವಾರ ನಡೆಯಿತು. ನಾನು ಮೂಸುವುದು, ಏನೂ ಇಲ್ಲವೆನ್ನುವುದು, ಅವರು ತಮ್ಮ ಕಡಲು ಹೇಳುವುದು. ಐದನೆಯ ಮಂಗಳವಾರ ಜಲಜ ಮುಚ್ಚಳ ತೆಗೆದಳು. ನಾನು ಅಭ್ಯಾಸದಂತೆ ಬಗ್ಗಿದೆ.

ಮೂಗಿನ ಬುಡದಲ್ಲಿ ಯಾರೋ ಮೊಳೆ ಹೊಡೆದಂತಾಯಿತು. ಬಾಗಿಲು ತಳ್ಳಿ ಅಂಗಳದ ನಲ್ಲಿಯ ಹತ್ತಿರ ಓಡಿ ಬಗ್ಗಿ ನಿಂತೆ. ಬೆಳಗಿನ ದೋಸೆಯಷ್ಟೂ ಹೊರಗೆ ಬಂತು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಹಿಂದೆ ಜಲಜ, "ಅಯ್ಯೋ, ನಾ ಹೇಳ್ದೆ ಬೇಡ ಅಂತ" ಎನ್ನುತ್ತಿದ್ದಳು. ಒಳಗಿನಿಂದ ಮುದುಕಿ ಚಪ್ಪಾಳೆ ತಟ್ಟುತ್ತಿದ್ದರು.

"ಬಂತಾ? ಬಂತಾ?"

"ಬಂತು!" ಎಂದು ಕೂಗಿದೆ. ಜನ್ಮದಲ್ಲಿ ಅಷ್ಟು ಗಟ್ಟಿಯಾಗಿ ನಾನು ಕೂಗಿದ್ದಿಲ್ಲ.

ನಲ್ಲಿಯ ಪಾಚಿ, ನನ್ನ ಸೀರೆಯ ಗಂಜಿ, ಜಲಜನ ಕೈಯ ಮೆಷಿನ್ನೆಣ್ಣೆ, ಎಲ್ಲ ಒಂದರ ಹಿಂದೊಂದು ತೆಳ್ಳಗೆ ಬಂದವು. ಒಳಗೆ ಹೋಗಿ ಮೊದಲು ಮಾಡಿದ ಕೆಲಸವೆಂದರೆ ನೀಲಿ ಬಾಟ್ಲಿ ತೆಗೆದು ಕೈಗೆ ಹಚ್ಚಿಕೊಂಡದ್ದು. ಮೂರನೇ ಮನೆಯ ತನಕ ಕಾಯುವ ಅಗತ್ಯವೇ ಬೀಳಲಿಲ್ಲ. ಸೌತೆಕಾಯಿ. ಸಾಬೂನು. ಅದರ ಹಿಂದೆ, ಹೊಸದಾಗಿ ತೊಳೆದ ಆಸ್ಪತ್ರೆಯ ನೆಲ. ಇಷ್ಟು ಬೆಲೆಗೆ, ಇಷ್ಟು ಚಂದದ ಗಾಜಿನಲ್ಲಿ, ಒಂದು ಹರಳು ಉಪ್ಪೂ ಇರಲಿಲ್ಲ.

"ಹೇಳ್ಲಿಲ್ಯಾ ನಾನ್?" ಎಂದರು ಗುಲಾಬಿಯಮ್ಮ.

ಈ ಗಲಾಟೆಯಲ್ಲಿ ಬಾಗಿಲು ತೆರೆದೇ ಇತ್ತು, ಡಬ್ಬಿಯೂ ತೆರೆದೇ ಇತ್ತು. ಸೆರಗನ್ನು ಮೂಗಿಗೆ ಹಿಡಿದು ಸಾವಿತ್ರಕ್ಕ ಹೊಸ್ತಿಲಲ್ಲಿ ಬಂದು ನಿಂತದ್ದು ನಮಗೆ ಕಾಣಲೇ ಇಲ್ಲ. ಗುಲಾಬಿಯಮ್ಮ ಹೆಜ್ಜೆಯ ಸಪ್ಪಳಕ್ಕೆ ಡಬ್ಬಿಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಮುಚ್ಚಳ ಜಲಜನ ಕೈಯಲ್ಲೇ ಉಳಿಯಿತು. ಅವಳು ಅದನ್ನು ಬೆನ್ನ ಹಿಂದೆ ಹಿಡಿದಳು.

"ವಿಶಾಲೂ, ನೀನೂ ಇಲ್ಲೇ ಇದ್ಯ? ಒಳ್ಳೇದಾತು" ಎಂದಳು ಸಾವಿತ್ರಕ್ಕ. "ತಿಂಗಳಿಂದ ಮಂಗಳವಾರ ಮಂಗಳವಾರ ಎಂತೋ ವಾಸನೆ ಬತ್ತಾ ಇದ್ದು. ಇವತ್ತಂತೂ ತಡ್ಯಲೇ ಆಗ್ತಿಲ್ಲೆ. ಜಲಜನ ಕೇಳಿದ್ರೆ ಎಂತೂ ಇಲ್ಲೆ ಹೇಳ್ತು. ನೀನೇ ಹೇಳು. ನಿನ್ನ ಮೂಗು ಸುಳ್ಳು ಹೇಳ್ತಿಲ್ಲೆ. ಎಂತ ವಾಸನೆ ಇದು?"

ಒಂದೂವರೆ ವರ್ಷದಲ್ಲಿ ಮೊದಲ ಸಲ ಆ ಪ್ರಶ್ನೆಗೆ ನನ್ನ ಬಳಿ ನಿಜವಾದ ಉತ್ತರವಿತ್ತು. ಆ ಉತ್ತರ ಹೇಳಿದರೆ ಈ ತಿಂಗಳೇ ಮನೆ ಖಾಲಿ. ಮುರಿದ ಸೊಂಟದ ಮುದುಕಿಯನ್ನು ಎತ್ತಿಕೊಂಡು ಎಲ್ಲಿಗೆ ಹೋಗುತ್ತಾರೆ? ಜಲಜ ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು.

"ಸಮುದ್ರದ್ದು, ಸಾವಿತ್ರಕ್ಕ" ಎಂದೆ.

ನೀಲಿ ಬಾಟ್ಲಿ ಎತ್ತಿ ತೋರಿಸಿದೆ. "ಫಾರಿನ್ ಸೆಂಟು. ಇಲ್ಲಿ ಬರದ್ದು ನೋಡು. ಈ ಅಮ್ಮಂಗೆ ಕಡಲ ವಾಸನೆ ಇಲ್ದೆ ನಿದ್ದೆ ಬತ್ತಿಲ್ಲೆ ಹೇಳಿ ನಾನೇ ತರ್ಸಿ ಕೊಟ್ಟಿದ್ದು."

ಸಾವಿತ್ರಕ್ಕ ಬಾಟ್ಲಿ ತೆಗೆದುಕೊಂಡಳು. ಅಲೆಯ ಮುಚ್ಚಳ ನೋಡಿದಳು, ತಿರುಗಿಸಿ ಓದಿದಳು. ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದಳು. ಅವಳು ಮೂಸಿದಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಉಬ್ಬಿದ ಹೊದಿಕೆಯನ್ನು ಅವುಚಿ ಹಿಡಿದಿದ್ದ ಗುಲಾಬಿಯಮ್ಮನ ಎರಡು ಕೈಗಳನ್ನು.

"ಎಷ್ಟು ಇದಕ್ಕೆ?" ಎಂದಳು.

ಹೇಳಿದೆ.

"ಇಷ್ಟು ಕೊಟ್ಟು ಈ ನಾತ ಹಚ್ಕತ್ವ ಜನ!" ಬಾಟ್ಲಿಯನ್ನು ನನ್ನ ಕೈಗೆ ಕೊಟ್ಟಳು. "ದೊಡ್ಡವರ ಮರ್ಜಿ, ಎಂತ ಮಾಡದು. ಅಡ್ಡಿಲ್ಲೆ. ಬಾಗಿಲೊಂದು ಹಾಕ್ಯಳಿ."

ಅವಳು ಹೋದ ಮೇಲೆ ಜಲಜ ಬಾಗಿಲು ಹಾಕಿದಳು. ಆಮೇಲೆ ನೋಡಿದರೆ ಗುಲಾಬಿಯಮ್ಮ ಡಬ್ಬಿಯನ್ನು ತಬ್ಬಿಕೊಂಡು, ಬಾಯಿ ತೆರೆದು, ನಟ್ಟ ಹಗಲಿನಲ್ಲಿ ಗೊರಕೆ ಹೊಡೆಯುತ್ತಿದ್ದರು.

ನನ್ನ ಕಡೆಯ ಮಂಗಳವಾರ ಅದು. ಮೂಗು ಬಂದ ಮೇಲೆ ಕೆಲಸ ಬಿಟ್ಟೆ ಎಂದರೆ ರಶ್ಮಿಗೆ ಅರ್ಥವಾಗಲಿಲ್ಲ. ನನಗೂ ಪೂರ್ತಿ ಅರ್ಥವಾಗಿಲ್ಲ. ಸತ್ತ ಮೂಗಿನಿಂದ ಒಂದು ಸುಳ್ಳು ಹೇಳಿದೆ, ಬದುಕಿದ ಮೂಗಿನಿಂದ ಇನ್ನೊಂದು. ಮೊದಲನೆಯದನ್ನು ದೇವರ ಮುಂದೆ ಒಪ್ಪಿಕೊಂಡಿದ್ದೇನೆ. ಎರಡನೆಯದನ್ನು ಒಪ್ಪಿಸಲು ಹೋದಾಗಲೆಲ್ಲ ಅದು ಸುಳ್ಳೋ ಅಲ್ಲವೋ ಎಂದೇ ಬಗೆಹರಿಯದೆ ಎದ್ದುಬರುತ್ತೇನೆ. ಆ ಕೋಣೆಯಲ್ಲಿ ಸಮುದ್ರದ ವಾಸನೆ ಇದ್ದದ್ದಂತೂ ನಿಜ. ಇನ್ನೊಂದು: ಡಾಕ್ಟರು, ಲವಂಗ, ನಿಂಬೆ, ಕರ್ಪೂರ ಎಲ್ಲವನ್ನೂ ದಾಟಿಸಿ, ದೇವರು ನನ್ನ ಮೂಗನ್ನು ವಾಪಸು ಕೊಟ್ಟದ್ದು ಒಣಸಿಗಡಿಯ ಕೈಯಲ್ಲಿ. ಕೊಟ್ಟ ಕೈಯನ್ನು ನಾನು ಆರಿಸುವ ಹಾಗಿಲ್ಲ, ತೆಗೆದುಕೊಂಡಿದ್ದೇನೆ.

ಹುಡುಗಿಯರೇ, ನೀವು ಫೋನಿನಲ್ಲಿ ಮಾರಿ, ಬೇಡ ಎನ್ನುವುದಿಲ್ಲ. ಒಂದೇ ಮಾತು. ಗಿರಾಕಿ ಬಂದು, ನೀವು ಮೂಸಿದ್ದೀರಾ ಎಂದು ಕೇಳಿದಾಗ, ಇಲ್ಲ ಎಂದಾದರೆ ಇಲ್ಲ ಎನ್ನಿ. ಒಂದು ವ್ಯಾಪಾರ ಹೋಗುತ್ತದೆ. ಉಳಿದ ವಾರ ಮನೆಯಲ್ಲಿ ಕೂತು ಊಟ ಮಾಡಬಹುದು.

ಹೋದ ತಿಂಗಳು ಒಂದು ಉಪನಯನದ ಪಂಕ್ತಿಯಲ್ಲಿ ಸಾವಿತ್ರಕ್ಕ ನನ್ನ ಪಕ್ಕಕ್ಕೇ ಕೂತಳು. ಅಡುಗೆ ನಮ್ಮ ಯಜಮಾನರದೇ. ಜಲಜನ ಮನೆಯ ಸುದ್ದಿ ಕೇಳಿದೆ. ಅಲ್ಲೇ ಇದ್ದಾರಂತೆ, ಮುದುಕಿ ಗಟ್ಟಿಯಾಗಿದ್ದಾರಂತೆ, ಹಗಲೂ ಮಲಗುತ್ತಾರಂತೆ. ಎಲೆಯ ಮೇಲೆ ತೊವ್ವೆ ಬಿತ್ತು. ಅವಳು ನನ್ನ ಕಡೆ ತಿರುಗದೆ ಕೇಳಿದಳು.

"ಅಲ್ದೇ ವಿಶಾಲೂ, ಆ ಸೆಂಟು ಇನ್ನೂ ಮುಗದ್ದಿಲ್ಯನೆ?"

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಇಲ್ಲೆ" ಎಂದೆ.

"ಒಳ್ಳೇ ಬಾಳಿಕೆ ಬತ್ತು" ಎಂದು ಸಾವಿತ್ರಕ್ಕ ತುಪ್ಪ ಕೇಳಿ ಹಾಕಿಸಿಕೊಂಡಳು.